ಚೆಲ್ಲಿದ ಹಳೆಯ ನೀರು

“ಗುರುಗಳೇ, ತಪ್ಪು ಮಾಡಿದವನು ಅದು ತಪ್ಪೆಂದು ತಿಳಿದ ದಿನವೇ ತಿದ್ದಿಕೊಳ್ಳಬೇಕಲ್ಲವೇ?” ಎಂದು ಸೋಮಲಿಂಗ ಕೇಳಿದ.

ಅವನು ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ. ಗುರುಗಳು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದರು. ತಲೆಯೆತ್ತದೆ, “ಯಾವ ತಪ್ಪು?” ಎಂದರು.

“ಅಣ್ಣನೊಂದಿಗೆ ಜಗಳವಾಡಿ ಮನೆ ಬಿಟ್ಟು ಬಂದವನು ನಾನು. ಅತ್ತಿಗೆ ತೀರಿಕೊಂಡಾಗಲೂ ಹೋಗಲಿಲ್ಲ. ಈಗ ಅಣ್ಣ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿ ಬಂದಿದೆ. ಈಗಲೇ ಹೊರಡುತ್ತೇನೆ. ಅವನ ಕಾಲು ಹಿಡಿದು, ಆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಒಪ್ಪಿಕೊಳ್ಳುತ್ತೇನೆ. ಕ್ಷಮಿಸಿದೆ ಎನ್ನುವವರೆಗೆ ಮೇಲೇಳುವುದಿಲ್ಲ.”

“ಹೊರಡುವೆಯಂತೆ, ಸ್ವಲ್ಪ ಕುಳಿತುಕೋ” ಎಂದರು ಗುರುಗಳು. ಸೋಮಲಿಂಗ ಚೀಲ ಇಳಿಸದೆಯೇ ಕುಳಿತ. ಗುರುಗಳು ಮೊರ ಬದಿಗಿಟ್ಟು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಅರಳೆ ವರ್ತಕನಿದ್ದ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವನು. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಆಕೆ ಮದುವೆಯಾಗಿ ಹೋದಳು. ಆದರೆ ಗಂಡ ಬೇಗ ತೀರಿಕೊಂಡ. ತಿರುಗಿ ಬಂದು ತಮ್ಮನ ಮನೆಯಲ್ಲೇ ಉಳಿದಳು. ಅಡುಗೆ ಆಕೆಯದು, ಮನೆ ಆಕೆಯದು. ತನ್ನದೆಂದು ಆಕೆ ಇಟ್ಟುಕೊಂಡದ್ದು ಒಂದೇ, ಪಡಸಾಲೆಯ ಕಿಟಕಿಯ ಬಳಿ ಒಂದು ಗಾಜಿನ ತೊಟ್ಟಿ. ಅದರಲ್ಲಿ ಕೆಲವು ಬಂಗಾರದ ಬಣ್ಣದ ಮೀನುಗಳು. ಮನೆಗೆಲಸ ಮುಗಿಸಿದ ಮೇಲೆ ಅವುಗಳ ಮುಂದೆ ಕುಳಿತುಕೊಳ್ಳುವಳು. ಅಷ್ಟೇ ಆಕೆಯ ಸುಖ.

ವರ್ತಕನಿಗೆ ಹೆಣ್ಣು ಕೊಡುವ ಮಾತಿಗೆಂದು ಒಂದು ದಿನ ನೆಂಟರು ಬಂದರು. ಮಾತಿನ ನಡುವೆ ಅಕ್ಕ, ಹುಡುಗಿಯ ಮನಸ್ಸನ್ನೂ ಒಮ್ಮೆ ಕೇಳಿದರೆ ಒಳ್ಳೆಯದಲ್ಲವೇ ಎಂದಳು. ನೆಂಟರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ವರ್ತಕನಿಗೆ ಸಿಟ್ಟು ಬಂತು. “ತನ್ನ ಮನೆಯನ್ನೇ ಉಳಿಸಿಕೊಳ್ಳಲಾರದವಳಿಗೆ ನನ್ನ ಮನೆಯ ಮಾತೇಕೆ?” ಎಂದುಬಿಟ್ಟ.

ಅಕ್ಕ ಒಳಗೆ ಹೋದಳು. ಬಂದವರಿಗೆ ಉಣಬಡಿಸಿದಳು. ಅವರು ಹೋದ ಮೇಲೆ ಪಾತ್ರೆ ತೊಳೆದಳು. ಆ ಮಾತನ್ನು ಎತ್ತಲೇ ಇಲ್ಲ. ಬೆಳಿಗ್ಗೆ ಒಂದು ಗಂಟು ಕಟ್ಟಿಕೊಂಡು, ಚಿಕ್ಕಮ್ಮನ ಊರಿಗೆ ಹೋಗಿ ಬರುತ್ತೇನೆ ಎಂದಳು. ಎಂದು ಬರುವೆನೆಂದು ಹೇಳಲಿಲ್ಲ. ಹೊಸ್ತಿಲಲ್ಲಿ ನಿಂತು ಮೀನುಗಳ ವಿಷಯವಾಗಿ ಏನೋ ಹೇಳಿದಳು. ವರ್ತಕ ಹೂಂಗುಟ್ಟಿದ. ಆಕೆಯ ಮುಖ ನೋಡಲು ಅವನಿಗೆ ನಾಚಿಕೆಯಾಗಿತ್ತು. ನಾಚಿಕೆಯಲ್ಲಿ ಕಿವಿಯೂ ಮುಚ್ಚಿಹೋಗಿತ್ತು. ಆಕೆ ಹೇಳಿದ್ದೇನೆಂದು ಆಮೇಲೆ ಎಷ್ಟು ನೆನೆದರೂ ನೆನಪಾಗಲಿಲ್ಲ.

ಮೀನುಗಳಿಗೆ ಊಟ ಹಾಕಬೇಕೆಂಬುದೊಂದು ಅವನಿಗೆ ಗೊತ್ತಿತ್ತು. ಹೋಗುವಾಗೊಮ್ಮೆ ಹಾಕಿದ, ಬರುವಾಗೊಮ್ಮೆ ಹಾಕಿದ. ಅಕ್ಕನ ನೆನಪಾದಾಗಲೆಲ್ಲ ಒಂದು ಹಿಡಿ ಹೆಚ್ಚೇ ಹಾಕಿದ. ತಿಂದು ಉಳಿದದ್ದು ತಳದಲ್ಲಿ ಕೊಳೆಯಿತು. ನೀರು ಮಬ್ಬಾಯಿತು. ಮೀನುಗಳು ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತವು. ಆಗಾಗ ತಳದ ಕಲ್ಲಿಗೆ ಮೈ ಉಜ್ಜಿದವು. ಆಟವಾಡುತ್ತಿವೆ ಎಂದುಕೊಂಡ ವರ್ತಕ. ಮತ್ತೆ ಕೆಲವು ದಿನಕ್ಕೆ ಎಲ್ಲವೂ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಹಸಿದಿವೆ ಎಂದುಕೊಂಡು ಇನ್ನಷ್ಟು ಹಾಕಿದ.

ಬಾಲದ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಎದ್ದಾಗ ಮಾತ್ರ ಅವನಿಗೆ ಹೆದರಿಕೆಯಾಯಿತು. ಅಂಗಡಿ ಬೀದಿಗೆ ಹೋಗಿ, ಸಾಕುವ ಮೀನು ಮಾರುವವನನ್ನು ಕಂಡು ಎಲ್ಲವನ್ನೂ ಹೇಳಿದ.

ಮೀನು ಮಾರುವವನು, “ಅದು ಹಸಿವಲ್ಲ, ಸಾಹುಕಾರರೇ. ಉಸಿರು ಕಟ್ಟಿ ಮೇಲೆ ಬರುತ್ತಿವೆ. ಮೊದಲು ಕೆಟ್ಟದ್ದು ನೀರು. ಆಮೇಲೆ ರೋಗ ಬಂದದ್ದು” ಎಂದ.

“ಹಾಗಾದರೆ ಏನು ಮಾಡಲಿ?”

“ಊಟ ನಿಲ್ಲಿಸಿ. ಹಿಂದಿನ ದಿನವೇ ನೀರು ಹಿಡಿದು, ಮೀನಿನ ತೊಟ್ಟಿಯ ಪಕ್ಕದಲ್ಲೇ ಇಟ್ಟಿರಿ. ದಿನಾ ತೊಟ್ಟಿಯಿಂದ ಸ್ವಲ್ಪ ತೆಗೆಯಿರಿ, ಇಟ್ಟ ನೀರು ಅಷ್ಟೇ ಹಾಕಿ. ಕಲ್ಲುಪ್ಪು ಒಂದಿಷ್ಟು ಕರಗಿಸಿ ಬಿಡಿ. ಎಲ್ಲ ನೀರನ್ನೂ ಒಟ್ಟಿಗೆ ಮಾತ್ರ ಬದಲಿಸಬೇಡಿ. ಕೆಟ್ಟದ್ದೇ ಆಗಲಿ, ಅವುಗಳ ಮೈ ಆ ನೀರಿಗೆ ಒಗ್ಗಿಹೋಗಿರುತ್ತದೆ. ಏಕಾಏಕಿ ಬಿಡಿಸಿದರೆ ತಡೆಯಲಾರವು.”

ವರ್ತಕ ಹಾಗೆಯೇ ಮಾಡಬೇಕೆಂದು ಮನೆಗೆ ಬಂದ. ಬಾಗಿಲಲ್ಲಿ ಚಿಕ್ಕಮ್ಮನ ಊರಿನವನೊಬ್ಬ ಕಾದಿದ್ದ. ನಾಳೆ ನಿಮ್ಮ ಅಕ್ಕ ಬರುತ್ತಾರಂತೆ ಎಂದು ಹೇಳಿ ಹೋದ.

ವರ್ತಕ ತೊಟ್ಟಿಯ ಮುಂದೆ ನಿಂತ. ಅಕ್ಕ ಬಂದು ಮೊದಲು ನೋಡುವುದು ಇದನ್ನೇ. ಈ ಮಬ್ಬು ನೀರು, ಈ ನಾತ. ಅಂದು ಆಡಿದ ಮಾತಿನ ಜೊತೆಗೆ ಇದೂ ಸೇರುತ್ತದೆ. ಅವನಿಂದ ತಾಳಲಾಗಲಿಲ್ಲ. ಮೀನು ಮಾರುವವನ ಮಾತು ನೆನಪಿತ್ತು. ಆದರೂ ಅವನು ಸೆರಗು ಹಿಡಿದ ಮಗುವಿನಂತೆ ಒಂದೇ ಹಟ ಹಿಡಿದ, ಅಕ್ಕ ಬರುವಷ್ಟರಲ್ಲಿ ಎಲ್ಲ ಸರಿಯಾಗಿರಬೇಕು.

ಮೀನುಗಳನ್ನು ಎತ್ತಿ ಒಂದು ಚೆಂಬಿಗೆ ಬಿಟ್ಟ. ತೊಟ್ಟಿಯ ನೀರನ್ನೆಲ್ಲ ಹಿತ್ತಲಿಗೆ ಚೆಲ್ಲಿದ. ಬೂದಿ ಹಾಕಿ ಗಾಜನ್ನು ತಿಕ್ಕಿದ. ಒಂದೊಂದು ಕಲ್ಲನ್ನೂ ಉಜ್ಜಿ ತೊಳೆದ. ಬಾವಿಯಿಂದ ಹೊಸ ನೀರು ಸೇದಿ ತುಂಬಿದ. ಬೆವರು ಸುರಿಯುತ್ತಿತ್ತು. ಕೊಡದ ಮೇಲೆ ಕೊಡ ಹೊರುತ್ತಿದ್ದಂತೆ ಅವನ ಮನಸ್ಸಿಗೆ ಸಮಾಧಾನವಾಗುತ್ತ ಬಂತು. ಕೊನೆಗೆ ಮೀನುಗಳನ್ನು ಬಿಟ್ಟ. ಅವು ತೊಟ್ಟಿಯ ಉದ್ದಗಲಕ್ಕೂ ಬಾಣದಂತೆ ಓಡಾಡಿದವು. ಎಷ್ಟು ಖುಷಿಯಾಗಿದೆ ನೋಡು ಇವಕ್ಕೆ ಎಂದುಕೊಂಡು ನೆಮ್ಮದಿಯಿಂದ ಮಲಗಿದ.

ಬೆಳಿಗ್ಗೆ ಅವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದು ಮಾತ್ರ ತಳದಲ್ಲಿ ಓರೆಯಾಗಿ ಬಿದ್ದಿತ್ತು. ಕಿವಿರು ಇನ್ನೂ ಆಡುತ್ತಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಆಚೆಯ ಕಿಟಕಿಯ ಸರಳುಗಳು ಕಾಣುತ್ತಿದ್ದವು.

ಅವನು ಹಾಗೆಯೇ ನಿಂತಿರುವಾಗ ಅಕ್ಕ ಬಂದಳು. ತೊಟ್ಟಿಯ ಕಡೆ ನೋಡಿದಳು. ಗಂಟು ಕೆಳಗಿಟ್ಟಳು.

“ಹಳೆಯ ನೀರು ಎಲ್ಲಿ?” ಎಂದಳು.

“ಹಿತ್ತಲಿಗೆ ಚೆಲ್ಲಿದೆ, ಅಕ್ಕಾ.”

“ಒಂದು ತಂಬಿಗೆಯಷ್ಟಾದರೂ ಉಳಿದಿದೆಯೇ?”

“ಇಲ್ಲ. ಎಲ್ಲ ತೊಳೆದುಬಿಟ್ಟೆ.”

ಅಕ್ಕ ಬಚ್ಚಲಿಗೆ ಹೋದಳು. ಅಲ್ಲಿ ಎಂದೋ ತುಂಬಿಟ್ಟಿದ್ದ ನೀರಿತ್ತು. ಅದನ್ನು ಅಗಲವಾದ ಬೋಗುಣಿಗೆ ಬಗ್ಗಿಸಿದಳು. ಮೀನಿದ್ದ ನೀರನ್ನೂ ಒಂದಿಷ್ಟು ಬೆರೆಸಿ, ಒಂದೆರಡು ಹರಳು ಉಪ್ಪು ಕರಗಿಸಿದಳು. ಉಳಿದ ಮೀನನ್ನು ಅಂಗೈಯಲ್ಲಿ ತಂದು ಬಿಟ್ಟಳು. ಮೇಲೆ ತೆಳ್ಳನೆಯ ಬಟ್ಟೆ ಹೊದಿಸಿ, ಬೆಳಕು ಬೀಳದ ಕಡೆ ಇಟ್ಟಳು. ಆಮೇಲೆ ಸತ್ತವನ್ನು ಒಂದೊಂದಾಗಿ ತೆಗೆದು ತುಳಸಿಯ ಬುಡದಲ್ಲಿ ಮಣ್ಣು ಮಾಡಿದಳು.

ಕೈ ತೊಳೆದುಕೊಂಡು ಬಂದವಳ ಕಾಲಿಗೆ ವರ್ತಕ ಅಂಗಳದಲ್ಲೇ ಬಿದ್ದ. ಆಗಲೂ ಅವನಿಗೆ ತಾಳಲಾಗಲಿಲ್ಲ. “ಅಕ್ಕಾ, ಪಾಪಿ ನಾನು. ನಿನ್ನನ್ನು ತನ್ನ ಮನೆಯನ್ನೇ ಉಳಿಸಿಕೊಳ್ಳಲಾರದವಳು ಎಂದುಬಿಟ್ಟೆನಲ್ಲ, ಬಂದವರೆದುರಿಗೆ ಎಂದುಬಿಟ್ಟೆನಲ್ಲ” ಎಂದು ಗಟ್ಟಿಯಾಗಿ ಅತ್ತ. ಅಳುವ ದನಿ ಕೇಳಿ ನೆರೆಹೊರೆಯವರು ಬಂದು ಗೋಡೆಯಾಚೆ ನಿಂತರು. ಅವನು ಹೇಳುತ್ತಲೇ ಹೋದ. ಅಂದು ಮನಸ್ಸಿನಲ್ಲಿ ಏನಿತ್ತು, ಯಾಕೆ ಹಾಗೆಂದೆ, ಆಮೇಲೆ ಎಷ್ಟು ಸಂಕಟಪಟ್ಟೆ, ಒಂದನ್ನೂ ಬಿಡಲಿಲ್ಲ. “ಕ್ಷಮಿಸಿದೆ ಅನ್ನು, ಅಕ್ಕಾ. ಒಮ್ಮೆ ಅಂದುಬಿಡು” ಎಂದು ಕಾಲನ್ನು ಬಿಗಿಯಾಗಿ ಹಿಡಿದ.

ಅಕ್ಕ ಆ ಮಾತನ್ನು ಚಿಕ್ಕಮ್ಮನಿಗೂ ಹೇಳಿರಲಿಲ್ಲ. ಯಾರಿಗೂ ಗೊತ್ತಾಗದಂತೆ ನುಂಗಿಕೊಂಡು, ಸ್ವಲ್ಪ ಸ್ವಲ್ಪವಾಗಿ ಮರೆಯುತ್ತ ಬಂದಿದ್ದಳು. ಮರೆಯಲು ಸಾಧ್ಯವೆನಿಸಿದ್ದರಿಂದಲೇ ತಿರುಗಿ ಬಂದಿದ್ದಳು.

“ಏಳಪ್ಪಾ” ಎಂದಳು. “ಅದನ್ನು ಇನ್ನೊಂದು ಸಲ ಕೇಳಿಸಿದೆಯಲ್ಲೋ.”

ಅಷ್ಟು ಹೇಳಿ ಒಳಗೆ ಹೋದಳು. ಗೋಡೆಯಾಚೆಯವರು ತಲೆ ತಗ್ಗಿಸಿಕೊಂಡು ಚದರಿದರು.

ಆ ಮೀನು ಬದುಕಿತು. ಬಾಲದ ಅಂಚು ಹರಿದುಹೋಗಿತ್ತು, ಈಜುವಾಗ ಒಂದು ಕಡೆಗೆ ವಾಲುತ್ತಿತ್ತು, ಆದರೂ ಬದುಕಿತು. ಅದು ಊಟ ತೆಗೆದುಕೊಳ್ಳುವವರೆಗೆ ಅಕ್ಕ ಆ ಮನೆಯಲ್ಲಿದ್ದಳು. ದಿನಾ ಸ್ವಲ್ಪ ನೀರು ತೆಗೆದಳು, ಸ್ವಲ್ಪ ಹಾಕಿದಳು. ತಮ್ಮನಿಗೆ ಹೊತ್ತು ಹೊತ್ತಿಗೆ ಬಡಿಸಿದಳು. ಆಮೇಲೆ ಮೀನನ್ನು ಒಂದು ತಂಬಿಗೆಯಲ್ಲಿಟ್ಟುಕೊಂಡು ಚಿಕ್ಕಮ್ಮನ ಊರಿಗೇ ಹೊರಟುಹೋದಳು. ವರ್ತಕ ಊರಾಚೆಯವರೆಗೆ ಹಿಂದೆ ನಡೆದ. ಅಲ್ಲಿಂದ ಒಬ್ಬನೇ ತಿರುಗಿ ಬಂದ.

ಖಾಲಿ ತೊಟ್ಟಿಯನ್ನು ಅವನು ಅಟ್ಟಕ್ಕೆ ಏರಿಸಿದ. ಹೆಣ್ಣು ಕೊಡುವ ಮಾತೂ ಅಂದಿಗೇ ನಿಂತುಹೋಗಿತ್ತು. ಸಂಜೆ ಮನೆಗೆ ಬಂದರೆ ಮಾತಿಗೆ ಯಾರೂ ಇರಲಿಲ್ಲ. ತಾನು ಇನ್ನೆರಡು ದಿನ ಸುಮ್ಮನಿದ್ದಿದ್ದರೆ, ನೀರಿಗೂ ಬಾಯಿಗೂ ಅವಸರ ಮಾಡದಿದ್ದಿದ್ದರೆ ಎಂಬುದು ಅವನನ್ನು ಬಹಳ ಕಾಲ ತಿಂದಿತು.

ಒಮ್ಮೆ ಅರಳೆ ಕೊಳ್ಳಲು ಆ ಕಡೆ ಹೋದವನು ಚಿಕ್ಕಮ್ಮನ ಮನೆಗೆ ಹೋದ. ಜಗಲಿಯ ಮೇಲೆ ಕುಳಿತ. ಅಕ್ಕ ನೀರು ಕೊಟ್ಟಳು, ಕುಡಿದ. ಹಳೆಯದೊಂದನ್ನೂ ಎತ್ತಲಿಲ್ಲ. ಚಿಕ್ಕಮ್ಮನ ಬಾಗಿಲ ಕದ ಸಡಿಲವಾಗಿತ್ತು, ಅದನ್ನು ಬಿಗಿಮಾಡಿ ಎದ್ದುಬಂದ. ಮತ್ತೊಮ್ಮೆ ಹೋದ. ಮತ್ತೂ ಹೋದ. ಹೋದಾಗಲೆಲ್ಲ ಸೌದೆ ಒಡೆದುಕೊಟ್ಟ, ಇಲ್ಲವೇ ಸುಮ್ಮನೆ ಕುಳಿತು ಬಂದ. ವರ್ಷಗಳು ಕಳೆದವು. ಒಂದು ದಿನ ಅವನು ಎದ್ದು ಹೊರಟಾಗ ಅಕ್ಕ, “ರೊಟ್ಟಿ ಬಡಿಯುತ್ತಿದ್ದೇನೆ. ಬಿಸಿಯಾಗಿ ಉಂಡು ಹೋಗು” ಎಂದಳು. ಅವನು ತಿರುಗಿ ಕುಳಿತ. ಆ ಹೊತ್ತಿಗೆ ಇಬ್ಬರ ತಲೆಯೂ ನೆರೆತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ಚೀಲವನ್ನು ಹೆಗಲಿನಿಂದ ಇಳಿಸಿ ಪಕ್ಕದಲ್ಲಿಟ್ಟ.

“ಹಾಗಾದರೆ ನಾನು ಅಣ್ಣನ ಬಳಿಗೆ ಹೋಗಬಾರದೇ, ಗುರುಗಳೇ? ನನಗೆ ಅಷ್ಟು ವರ್ಷಗಳಿಲ್ಲ. ಅವನು ಹಾಸಿಗೆ ಹಿಡಿದಿದ್ದಾನೆ” ಎಂದ.

ಗುರುಗಳು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

“ಈಗಲೇ ಹೋಗು, ಆದರೆ ಅಲ್ಲಿ ಹಗುರಾಗಬೇಕಾದವನು ನಿನ್ನಣ್ಣ, ನೀನಲ್ಲ.”