ಅಗಸೆಯ ಕಪ್ಪು ಕಲ್ಲು

“ಅಜ್ಜಾರ, ಓಲೆಗರಿ ನಕಲು ಮಾಡಾಕ ಬಂದಾನಲ್ಲ ಆ ಪರವೂರಿನವ, ಅವನ ಮ್ಯಾಲೆ ನನಗ ನಂಬಿಕಿ ಬರವಲ್ದು. ಮಠದಿಂದ ಕಳಿಸಿಬಿಡ್ಲೇನ್ರಿ?” ಎಂದು ರೇವಯ್ಯ ಗುರುಗಳನ್ನು ಕೇಳಿದ. ಮಠದ ಗ್ರಂಥಗಳನ್ನು ಕಾಯುವ ಹೊಣೆ ಅವನದು.

“ಏನು ಮಾಡಿದ ಅವ?”

“ಇನ್ನೂ ಏನೂ ಮಾಡಿಲ್ರಿ. ಅದಕ್ಕ ನನಗ ಅನುಮಾನ.”

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿಗೆ ಹಳೆಯ ಕಲ್ಲಿನ ಅಗಸೆ ಇತ್ತು. ಊರಿಗೆ ಬರುವವರು, ಹೋಗುವವರು ಎಲ್ಲರೂ ಆ ಹೆಬ್ಬಾಗಿಲನ್ನು ದಾಟಿಯೇ ಆಗಬೇಕು. ಅದನ್ನು ಕಟ್ಟಿಸಿದ ಪಾಳೆಯಗಾರನ ಹೆಸರನ್ನು ಊರು ಮರೆತಿತ್ತು. ಅದನ್ನು ಕಾಯುವ ತಳವಾರನ ಮನೆತನವನ್ನು ಮರೆತಿರಲಿಲ್ಲ. ಏಳು ತಲೆಮಾರಿನಿಂದ ಅವರದೇ ಕಾವಲು. ಈಗಿನ ತಳವಾರನಿಗೆ ಇದ್ದದ್ದು ಒಂದೇ ಚಿಂತೆ: ತನ್ನ ಕಾಲದಲ್ಲಿ ಅಗಸೆಯ ಒಂದು ಕಲ್ಲೂ ಅಲುಗಬಾರದು.

ಚಿಂತೆಗೆ ಕಾರಣವೂ ಇತ್ತು. ಹಿಂದಿನ ವರ್ಷ ನಿಧಿಗಳ್ಳರು ಪಕ್ಕದ ಊರಿನ ಹಾಳು ಗುಡಿಯಲ್ಲಿ ಬಸವಣ್ಣನನ್ನೇ ಕಿತ್ತುಹಾಕಿ ಅಗೆದಿದ್ದರು. ಅದಕ್ಕೆ ಮೊದಲು ಜೇನು ಮಾರುವವನೊಬ್ಬ ಬಂದು ಮೂರು ದಿನ ಗುಡಿಯ ಕಟ್ಟೆಯ ಮೇಲೆ ಕುಳಿತುಹೋಗಿದ್ದನಂತೆ. ಅಂದಿನಿಂದ ತಳವಾರ ಜೇನು ತಿನ್ನುವುದನ್ನೇ ಬಿಟ್ಟಿದ್ದ.

ಹೀಗಿರುವಾಗ ಒಬ್ಬ ಚಿತ್ರಗಾರ ಬಂದ. ಅಗಸೆಯ ಎದುರಿನ ಬೇವಿನ ಮರದ ಕೆಳಗೆ ಹಲಗೆ ಊರಿ, ಇದ್ದಿಲಿನಿಂದ ಅಗಸೆಯ ಚಿತ್ರ ಬರೆಯಲು ಕುಳಿತ. ಹಳೆಯ ಕಟ್ಟಡಗಳನ್ನು ಬರೆಯುವುದೇ ತನ್ನ ಕಸುಬು ಎಂದ. ಊರ ಗೌಡ ಹೂಂ ಅಂದ. ತಳವಾರ ಹೂಂ ಅನ್ನಲಿಲ್ಲ. ಚಿತ್ರ ಬರೆಯುವವರು ದೇವರದು ಬರೆಯುತ್ತಾರೆ, ಅರಸರದು ಬರೆಯುತ್ತಾರೆ. ಬಾಗಿಲಿನ ಚಿತ್ರ ಬರೆದವರನ್ನು ಅವನು ಕಂಡಿರಲಿಲ್ಲ.

ಮರುದಿನ ತಳವಾರ ತನ್ನ ಕಂಬಳಿಯನ್ನು ಬೇವಿನ ಬುಡಕ್ಕೆ ತಂದು ಹಾಸಿದ. ಚಿತ್ರಗಾರನ ಬೆನ್ನ ಹಿಂದೆ ಕುಳಿತು ಅವನ ಕೈಯನ್ನೇ ನೋಡತೊಡಗಿದ. ಆ ಕೈ ಒಂದು ಕಲ್ಲನ್ನೂ ಬಿಡಲಿಲ್ಲ. ಮುಕ್ಕಾದ ಮೂಲೆ, ಗಾಡಿಯ ಅಚ್ಚು ತಾಗಿ ಸವೆದ ಗುರುತು, ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿ, ಎಲ್ಲವೂ ಹಾಳೆಗೆ ಇಳಿಯುತ್ತಿತ್ತು. ಆಗಾಗ ಚಿತ್ರಗಾರ ನಾದಿದ ಹಿಟ್ಟಿನ ಉಂಡೆಯಿಂದ ಒತ್ತಿ ಒಂದಿಷ್ಟು ಅಳಿಸುತ್ತಿದ್ದ. ಬರೆದದ್ದನ್ನು ಅಳಿಸುತ್ತಾನೆ ಎಂದರೆ ಮುಚ್ಚಿಡುವಂಥದ್ದು ಏನೋ ಇದೆ, ಎಂದು ತಳವಾರ ತಲೆದೂಗಿದ. ಚಿತ್ರಗಾರ ಸ್ನಾನಕ್ಕೆ ಹಳ್ಳಕ್ಕೆ ಹೋದಾಗ ಅವನ ಚೀಲ ತಡಕಿದ. ಇದ್ದಿಲಿನ ತುಂಡೊಂದನ್ನು ನಾಲಿಗೆಗೆ ತಾಗಿಸಿಯೂ ನೋಡಿದ. ಇದ್ದಿಲು ಇದ್ದಿಲಿನಂತೆಯೇ ಇತ್ತು. ಪಳಗಿದ ಕಳ್ಳ, ಎಂದುಕೊಂಡ.

ಎಂಟನೆಯ ದಿನ ಅವನು ಕಾಯುತ್ತಿದ್ದದ್ದು ಕಂಡಿತು. ಎಡಗಡೆಯ ಗೋಡೆಯಲ್ಲಿ, ಕಮಾನು ಶುರುವಾಗುವ ಜಾಗದಲ್ಲಿ ಒಂದು ಕಲ್ಲು. ಅದರ ಸುತ್ತ ಚಿತ್ರಗಾರ ಇದ್ದಿಲನ್ನು ತಿಕ್ಕಿದ, ಮತ್ತೆ ತಿಕ್ಕಿದ. ಇಡೀ ಚಿತ್ರದಲ್ಲಿ ಅಷ್ಟು ಕಪ್ಪು ಬೇರೆಲ್ಲೂ ಇರಲಿಲ್ಲ.

“ಆ ಕಲ್ಲಿಗಷ್ಟ ಯಾಕೋ ಇಷ್ಟು ಮಸಿ?” ಎಂದು ತಳವಾರ ಕೇಳಿದ.

“ಅಲ್ಲಿ ಕತ್ತಲಿ ಹೆಚ್ಚೈತ್ರಿ.”

“ಬಿಸಿಲು ಎಲ್ಲಾ ಕಲ್ಲಿಗೂ ಒಂದ ಐತಲ್ಲಪಾ.”

“ನನ್ನ ಮಾತು ಬ್ಯಾಡ್ರಿ. ಎದ್ದು ಹೋಗಿ ನೀವ ಒಮ್ಮೆ ನೋಡ್ರಿ,” ಎಂದ ಚಿತ್ರಗಾರ.

ತಳವಾರ ಏಳಲಿಲ್ಲ. ತನ್ನನ್ನು ಅತ್ತ ಕಳಿಸಿ ಇತ್ತ ಹಾಳೆ ಮಡಚಿಕೊಂಡು ಹೋಗುವ ಹುನ್ನಾರ ಇದು ಎಂದು ಅವನಿಗೆ ಅನ್ನಿಸಿತು. ನಿಧಿ ಇದ್ದಲ್ಲಿ ಗುರುತು ಇದ್ದೇ ಇರುತ್ತದೆ ಎಂದು ಹಿರಿಯರು ಹೇಳಿದ್ದನ್ನು ಅವನು ಕೇಳಿದ್ದ. ಈಗ ಗುರುತು ಹಾಳೆಯ ಮೇಲೆ ಬಿದ್ದಿದೆ. ಇನ್ನು ಹಾರೆ ಬೀಳುವುದೊಂದೇ ಬಾಕಿ.

ಅವನಿಗೆ ಅನ್ನ ಸೇರಲಿಲ್ಲ. ಏಳು ತಲೆಮಾರಿನ ಕಾವಲು ತನ್ನ ಕೈಯಲ್ಲಿ ಮಣ್ಣುಪಾಲಾಗುತ್ತದೆ ಎಂಬ ಭಯ ಎದೆಯಲ್ಲಿ ಕುಳಿತಿತ್ತು. ಕಡೆಗೆ ಒಂದು ದಾರಿ ಹೊಳೆಯಿತು. ಕಳ್ಳ ಕೈಹಾಕುವ ಮೊದಲೇ ತಾನು ನಿಧಿಯನ್ನು ತೆಗೆದು ಗೌಡನ ಮುಂದೆ ಇಟ್ಟುಬಿಟ್ಟರೆ? ಕಲ್ಲನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದರಾಯಿತು. ಆಮೇಲೆ ಅಗಸೆಯ ತಂಟೆಗೆ ಯಾರು ಬರುತ್ತಾರೆ?

ಮರುದಿನ ಮಧ್ಯಾಹ್ನ ಚಿತ್ರಗಾರ ಗೌಡನ ಮನೆಗೆ ಊಟಕ್ಕೆ ಹೋಗಿದ್ದ. ಊರಿನವರು ಹೊಲದಲ್ಲಿದ್ದರು. ತಳವಾರ ಏಣಿ ಇಟ್ಟು ಹತ್ತಿದ. ರಾತ್ರಿ ಅಗೆಯುವವರು ಕಳ್ಳರು, ನಾನು ಹಗಲಲ್ಲೇ ಅಗೆಯುತ್ತೇನೆ, ಎಂದು ತನಗೆ ತಾನೇ ಹೇಳಿಕೊಂಡು, ಚಿತ್ರದಲ್ಲಿ ಕಪ್ಪಾಗಿದ್ದ ಸಂದಿಗೆ ಹಾರೆ ಹಾಕಿ ಮೀಟಿದ. ಕಲ್ಲು ಅವನು ಎಣಿಸಿದ್ದಕ್ಕಿಂತ ಸುಲಭವಾಗಿ ಬಂತು. ಹಿಂದೆ ಒಂದು ಬೊಗಸೆ ಗಾರೆಯ ಪುಡಿ ಇತ್ತು. ಒಂದು ಗುಬ್ಬಿಯ ಗೂಡು ಇತ್ತು. ಬೇರೇನೂ ಇರಲಿಲ್ಲ.

ಮೇಲೆ ಸದ್ದಾಯಿತು. ತಳವಾರ ಏಣಿಯಿಂದ ಹಾರಿ ಓಡಿದ. ಕಮಾನು ಬಿತ್ತು. ಅದರ ಮೇಲಿನ ಗೋಡೆಯೂ ಬಿತ್ತು.

ಊರು ಓಡಿ ಬಂತು. ಹಾರೆ ಇನ್ನೂ ತಳವಾರನ ಕೈಯಲ್ಲೇ ಇತ್ತು. “ಬೇಲಿನ ಎದ್ದು ಹೊಲಾ ಮೇಯ್ತಲ್ಲೋ!” ಎಂದು ಒಬ್ಬ ಮುದುಕಿ ನೆಲಕ್ಕೆ ಕೈ ಬಡಿದಳು. ತಳವಾರ ಚಿತ್ರಗಾರನ ಕಡೆ ಬೆರಳು ತೋರಿಸಿದ. “ಅವನ್ನ ಕೇಳ್ರಿ! ಗುರ್ತು ಹಾಕಿದಾವ ಅವ!”

“ಗಾರೆ ಉದುರಿ ಆ ಕಲ್ಲು ಸಡಿಲಾಗಿತ್ರಿ,” ಎಂದ ಚಿತ್ರಗಾರ. “ಕಂಡದ್ದನ್ನ ಬರದೆ. ನೋಡ್ರಿ ಅಂತ ನಿಮಗೂ ಹೇಳಿದ್ನಲ್ರಿ.”

ಅವನು ಚಿತ್ರವನ್ನು ತಂದು ತಳವಾರನ ಮುಂದೆ ಹಿಡಿದ. ಎಂಟು ದಿನ ಕೈಯನ್ನು ಕಾದವನು ಅಂದು ಮೊದಲ ಸಲ ಚಿತ್ರವನ್ನು ಪೂರ್ತಿ ನೋಡಿದ. ಅದರಲ್ಲಿ ಅಗಸೆ ನೆಟ್ಟಗೆ ನಿಂತಿತ್ತು. ತಳವಾರ ಮಕ್ಕಳಂತೆ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ರೇವಯ್ಯನಿಗೆ ನಗು ತಡೆಯಲಾಗಲಿಲ್ಲ. “ಆ ತಳವಾರ ಕೆಟ್ಟವ ಅಲ್ಲ ಬಿಡ್ರಿ,” ಎಂದ. “ಆದ್ರ ಕಾಯಾವ ಅಷ್ಟು ದಡ್ಡ ಇರಬಾರದು.”

ಗುರುಗಳು ನಗಲಿಲ್ಲ.

“ರೇವಯ್ಯ, ಆ ಪರವೂರಿನವನ ಕಣ್ಣಿಗೆ ಬೀಳಬಾರದಂತ ನಿನ್ನ ಹಾಸಿಗಿ ಕೆಳಗ ಬಚ್ಚಿಟ್ಟೀಯಲ್ಲ ಒಂದು ಓಲೆಕಟ್ಟು, ಹೋಗಿ ಮೊದಲು ಅದನ್ನ ಬಿಸಿಲಿಗೆ ಹಾಕು, ಗೆದ್ದಲ ಹತ್ತೈತಿ.”