ದೀಪವಾಗಿದ್ದ ಒಳಲೆ

ಬಹಳ ಹಿಂದೆ, ನಮ್ಮಜ್ಜನ ಅಜ್ಜ ತೊಟ್ಟಿಲಲ್ಲಿದ್ದ ಕಾಲಕ್ಕೂ ಹಿಂದೆ, ಕಡ್ಲಿಹಾಳ ಅಂತ ಒಂದೂರು. ಆ ಊರಿನವರು ಹಿರಿಯರು ಬಳಸಿದ ಸಾಮಾನು ಯಾವುದನ್ನೂ ಬಿಸಾಡುತ್ತಿರಲಿಲ್ಲ, ಚಾವಡಿಯ ಹಿಂದಿನ ಕೋಣೆಗೆ ತಂದಿಡುತ್ತಿದ್ದರು. ಇಡುತ್ತ ಇಡುತ್ತ ಕೋಣೆ ತುಂಬಿತು, ಹೆಸರು ಮರೆತುಹೋದವು. ಇದು ಎದಕ್ಕೆ ಬರುತ್ತೆ ಅಂತ ಕೇಳಿದರೆ ಊರಿಗೆ ಊರೇ ಪಿಳಿಪಿಳಿ ನೋಡುತ್ತಿತ್ತು.

ಹೇಳಬಲ್ಲವನು ಒಬ್ಬನೇ, ಕಲಾಯಿ ಮೋದಿನಸಾಬ. ವರ್ಷಕ್ಕೊಮ್ಮೆ ತಿದಿ ಹೊತ್ತು ಬಂದು, ತಾಮ್ರ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಗೆ ಮಾಡಿ ಹೋಗುವವನು. ಅವನು ವಸ್ತುವಿನ ಆಕಾರ ನೋಡುತ್ತಲೇ ಇರಲಿಲ್ಲವಂತೆ. ಹೆಬ್ಬೆರಳಿಂದ ಸವರಿ, ಸವೆದದ್ದು ಎಲ್ಲಿ ಅಂತ ಹುಡುಕುತ್ತಿದ್ದನಂತೆ. ಒಮ್ಮೆ ಗೀರುಗೀರಿನ ಹಲಗೆ ಸವರಿ, ಇದು ಶಾವಿಗೆ ಮಣೆ, ಹೊಸೆದಾಕೆ ಎಡಚಿ ಅಂದನಂತೆ. ಅಯ್ಯೋ, ನಮ್ಮತ್ತೆ! ಅಂತ ಮುದುಕಿಯೊಬ್ಬಳು ಗಲ್ಲ ಬಡಿದುಕೊಂಡಳಂತೆ. ಸುಳ್ಳೋ ಖರೆಯೋ, ನಾನು ಕೇಳಿದ್ದು ಹೇಳುತ್ತೀನಿ.

ಒಂದು ವರ್ಷ ಗೌಡರ ಸೊಸೆ ಹೆತ್ತಳು. ಕೂಸಿಗೆ ಮೊಲೆ ಚೀಪುವ ಶಕ್ತಿಯಿಲ್ಲ. ಅರಳೆ ಅದ್ದಿ ಹಿಂಡಿದರೆ ಹಾಲು ಹೊರಗೆ ಸುರಿಯುತ್ತೆ, ಚಮಚೆಯಲ್ಲಿ ಹಾಕಿದರೆ ನೆತ್ತಿಗೇರುತ್ತೆ. ಮೂರನೇ ದಿನಕ್ಕೆ ಅಳುವ ದನಿಯೂ ಇಂಗಿತು. ತೊಟ್ಟಿಲ ಶಾಸ್ತ್ರದ ಪಾತ್ರೆಗಳಿಗೆ ಕಲಾಯಿ ಹಾಕಲು ಬಂದ ಮೋದಿನಸಾಬನಿಗೆ ಗೌಡಸಾನಿ, ಈಗ ಯಾತರ ಕಲಾಯಿ, ಹೋಗಪ್ಪಾ ಅಂದಳಂತೆ.

ಅವನ ಕಣ್ಣು ದೇವರ ಗೂಡಿನ ಮೇಲಿತ್ತು. ಅಲ್ಲಿ ಅಂಗೈಯಗಲದ ಹಿತ್ತಾಳೆ ಬಟ್ಟಲು, ಅದಕ್ಕೆ ಕೊಕ್ಕಿನಂಥ ಮೂತಿ. ಚಾವಡಿಯ ಹಿಂದಿನ ಆ ಕೋಣೆಯಿಂದಲೇ ಬಂದದ್ದು. ಮೂತಿಯಲ್ಲಿ ಬತ್ತಿ ಇಟ್ಟು, ಇದು ದೀಪ ಅಂತ ಏಳು ತಲೆಮಾರಿನ ಸೊಸೆಯರು ಹಚ್ಚಿಕೊಂಡು ಬಂದಿದ್ದರಂತೆ. ಹೊಸ್ತಿಲಾಚೆ ನಿಂತವನಿಗೆ ಎಣ್ಣೆಯ ಅಡಿಯಲ್ಲಿ ಬಿಳಿ ಮಿಣುಕು ಕಂಡಿತು.

"ಅವ್ವಾರ, ದೀಪಕ್ಕ ಯಾರರೆ ಕಲಾಯಿ ಹಾಕಸ್ತಾರೇನ್ರಿ? ಕಲಾಯಿ ಹಾಕೋದು ಬಾಯಿಗೆ ಹೋಗೋದಕ್ಕ. ಅದು ಒಳಲೆ ಐತ್ರಿ, ಕೂಸಿಗೆ ಹಾಲು ಹನಿಸೋದು!"

ಹಚ್ಚಿದ ದೀಪ ಆರಿಸುವುದೇ? ಅದೂ ಕೂಸು ಹೀಗಿರುವಾಗ? ಗೌಡಸಾನಿ ದೀಪದ ಕಡೆ ನೋಡಿದಳು. ತೊಟ್ಟಿಲ ಕಡೆ ನೋಡಿದಳು. ಒಂದು ಮಣ್ಣಿನ ಹಣತೆ ತಂದು ಆ ಉರಿಯನ್ನೇ ಅದಕ್ಕೆ ದಾಟಿಸಿದಳು, ಬಟ್ಟಲನ್ನು ಅವನ ಕೈಗಿಟ್ಟಳು.

ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೆಂಡದಲ್ಲಿ ಕಾಯಿಸಿ, ತವರ ಬಳಿದ. ಅವತ್ತು ಅವನ ಕೈ ಕಾಣಿಸಲೇ ಇಲ್ಲ, ಹೊಗೆಯೊಳಗೆ ಬರೀ ಹೊಳಪು ಕಾಣಿಸಿತು ಅಂತಾರೆ. ತಣಿಸಿ ತೊಳೆದು ಹಾಲು ಹೊಯ್ದು, ಗೌಡಸಾನಿ ಆ ಮೂತಿಯನ್ನು ಕೂಸಿನ ಕಟವಾಯಿಗೆ ಹಿಡಿದಳು. ಒಂದು ಹನಿ, ಇನ್ನೊಂದು ಹನಿ. ಗುಟುಕ್ ಅಂತ ಸಪ್ಪಳವಾಯಿತು. ಆ ಸಪ್ಪಳ ಅಂಗಳದವರೆಗೂ ಕೇಳಿತಂತೆ!

ಈಗ ಆ ಕೋಣೆಯನ್ನೇ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಒಳಗೆ ಹೋದವರು ಹೆಸರು ಕೇಳುವ ಮೊದಲು ವಸ್ತುವನ್ನು ಹೆಬ್ಬೆರಳಿಂದ ಸವರಬೇಕು, ಅದು ಅಲ್ಲಿನ ಪದ್ಧತಿ. ಒಳಲೆಯೂ ಈಗ ಅಲ್ಲೇ ಇದೆ, ಪಕ್ಕದಲ್ಲಿ ಆ ಹಣತೆ ಉರಿಯುತ್ತಲೇ ಇರುತ್ತೆ. ಊರ ತುಂಬ ಸ್ಟೀಲು ಪಾತ್ರೆ, ಕಲಾಯಿ ಬೇಕಾದದ್ದು ಆ ಒಳಲೆಯೊಂದಕ್ಕೇ. ಅದೊಂದಕ್ಕಾಗಿ ವರ್ಷಕ್ಕೊಮ್ಮೆ ಎಲ್ಲಿಂದಲೋ ಕಲಾಯಿಯವನನ್ನು ಹುಡುಕಿ ತರುತ್ತಾರೆ. ಯಾಕಂದರೆ ಕಡ್ಲಿಹಾಳದಲ್ಲಿ ಯಾವ ಕೂಸು ಹುಟ್ಟಲಿ, ಯಾವ ಜಾತಿಯದೇ ಇರಲಿ, ಹೆಸರಿಡುವ ದಿನ ಅದರ ಬಾಯಿಗೆ ಒಂದು ಹನಿ ಹಾಲು ಬೀಳುವುದು ಆ ಒಳಲೆಯಿಂದಲೇ.