‘ಇಲ್ಲಿ’ ಎಂದರೆ ಎಲ್ಲಿ?

ತುಂಗಭದ್ರೆಯ ದಡದ ಆಶ್ರಮದಲ್ಲಿ ವಾರುಣಿ ವರ್ಷಗಟ್ಟಲೆ ಒಂದೇ ಗಣಿತದ ಬೆನ್ನು ಹತ್ತಿದ್ದಳು. ಒಂದು ಬೆಳಿಗ್ಗೆ ಬಂದು ಗುರು ಅನಂತಸ್ವರೂಪರ ಮುಂದೆ ನಿಂತಳು.

“ಸೋತೆ, ಗುರುಗಳೇ. ಅಪ್ಪಣೆ ಕೊಡಿ, ಊರಿಗೆ ಹೋಗುತ್ತೇನೆ.”

“ಎಲ್ಲಿ ಸೋತೆ?”

“ಒಂದು ಕಣ ಇಲ್ಲಿಯೂ ಅಲ್ಲಿಯೂ ಒಟ್ಟಿಗೇ ಇರಬಲ್ಲದು ಎನ್ನುತ್ತದೆ ಕ್ವಾಂಟಮ್ ಶಾಸ್ತ್ರ. ಭಾರವಿದ್ದಲ್ಲಿ ಆಕಾಶವೇ, ಎಂದರೆ ವಸ್ತುಗಳಿರುವ ಅವಕಾಶವೇ, ಬಾಗುತ್ತದೆ ಎನ್ನುತ್ತದೆ ಇನ್ನೊಂದು, ಗುರುತ್ವದ ಶಾಸ್ತ್ರ. ಎರಡೂ ನಿಜವಾದರೆ ಆ ಕಣದ ಭಾರಕ್ಕೆ ಆಕಾಶ ಎರಡು ಬಗೆಯಲ್ಲಿ ಒಟ್ಟಿಗೇ ಬಾಗಬೇಕು. ಈ ಆಕಾಶದ ಒಂದು ಜಾಗ ಆ ಆಕಾಶದಲ್ಲಿ ಯಾವುದು? ಗುರುತು ಹಾಕಲು ನೆಲವೇ ಇಲ್ಲದ ಮೇಲೆ ‘ಇಲ್ಲಿ’ ಎಂದರೆ ಎಲ್ಲಿ?”

ಗುರು ಎದ್ದರು.

“ಬಾ. ಆಚೆ ದಡಕ್ಕೆ ನಾನೇ ಬಿಟ್ಟುಬರುತ್ತೇನೆ.”

ಹೊಳೆಯ ಮೇಲೆ ದಟ್ಟ ಮಂಜು. ನಡುನೀರಿನಲ್ಲಿ ಗುರು ಹುಟ್ಟು ಹಾಕುವುದನ್ನು ನಿಲ್ಲಿಸಿದರು. ಹರಿಗೋಲು ಮೆಲ್ಲಗೆ ಸುತ್ತತೊಡಗಿತು.

“ಎಲ್ಲಿದ್ದೇವೆ, ವಾರುಣಿ?”

“ಹೇಗೆ ಹೇಳಲಿ? ಯಾವ ದಡವೂ ಕಾಣುತ್ತಿಲ್ಲ.”

“ಯಾರ್ರೀ ಅದು? ಬಲೆ ಬಿಟ್ಟೀನಿ, ನೋಡ್ಕೊಂಡ್ ಬರ್ರಿ!”

ಮೀನು ಹಿಡಿಯುವ ದುರುಗವ್ವನ ದನಿ. ಅವಳ ಹರಿಗೋಲು ಮಂಜಿನೊಳಗಿಂದ ತೇಲಿ ಬಂತು. ಡಿಕ್ಕಿಯಾಗದಂತೆ ವಾರುಣಿ ಕೈಚಾಚಿ ಅದರ ಅಂಚು ಹಿಡಿದಳು.

“ದುರುಗವ್ವ ಎಲ್ಲಿದ್ದಾಳೆ?” ಗುರು ಕೇಳಿದರು.

“ಇಲ್ಲೇ.”

“ದಡ ಕಾಣದೆ ಹೇಗೆ ಹೇಳಿದೆ?”

ವಾರುಣಿ ಅಂಚು ಹಿಡಿದ ತನ್ನ ಕೈಯನ್ನೇ ನೋಡಿದಳು.

“ಜಾಗಕ್ಕೆ ಜಾಗ ಹೊಂದಿಸಲು ಹೋದೆ, ಗುರುಗಳೇ! ಕಣಕ್ಕೆ ಕಣ ಹೊಂದಿಸಬೇಕಿತ್ತು. ಇನ್ನೊಂದು ಕಣ ಇಡುತ್ತೇನೆ. ಅವೆರಡು ಸೇರುವುದೇ ‘ಇಲ್ಲಿ’. ಆ ಆಕಾಶದಲ್ಲೂ, ಈ ಆಕಾಶದಲ್ಲೂ!”

ಒದ್ದೆ ಬೆರಳಿನಿಂದ ಹರಿಗೋಲಿನ ತೊಗಲಿನ ಮೇಲೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಇಷ್ಟು ಕಾಲ ಗಂಟಲ ಮುಳ್ಳಿನಂತೆ ಸಿಕ್ಕಿಕೊಂಡಿದ್ದ ಸಮೀಕರಣದ ಪದವೊಂದು ಈ ಬಾರಿ ತಾನಾಗಿ ರದ್ದಾಯಿತು.

“ಬಂತು! ಬಂತು!” ಎಂದು ಕುಣಿದಳು. ಹರಿಗೋಲು ಓಲಾಡಿತು.

“ಏ ಯವ್ವಾ, ಮುಳುಗಿಸ್ತೀಯೇನ? ಮೀನೆಲ್ಲಾ ಓಡಿದ್ವು!” ದುರುಗವ್ವ ಬೈಯುತ್ತಲೇ ನಕ್ಕಳು. ಗುರುವೂ ನಕ್ಕರು. ವಾರುಣಿಯ ಕಣ್ಣಲ್ಲಿ ನೀರಾಡಿತು.

“ಇನ್ನು ಕಾಲದ ತೊಡಕು ಉಳಿದಿದೆ,” ಎಂದಳು. ದನಿಯಲ್ಲಿ ದಣಿವಿರಲಿಲ್ಲ, ಹಸಿದವಳು ಎಲೆಯ ಮುಂದೆ ಕೂತಂತಿತ್ತು. “ಒಂದು ಶಾಸ್ತ್ರ ಎಲ್ಲರಿಗೂ ಒಂದೇ ಗಡಿಯಾರ ಕೇಳುತ್ತದೆ. ಅಂಥ ಗಡಿಯಾರವೇ ಇಲ್ಲ ಎನ್ನುತ್ತದೆ ಇನ್ನೊಂದು. ಅದನ್ನೂ ಬಿಡಿಸುತ್ತೇನೆ. ಈಗ ಯಾವ ದಡಕ್ಕೆ ಹೋಗೋಣ, ಗುರುಗಳೇ?”

ಗುರು ಹುಟ್ಟನ್ನು ಅವಳ ಕೈಗಿಟ್ಟರು.

“ಇಷ್ಟು ಬೇಗ ದಡ ಬೇಕಾಯಿತೇ?”